ಹೊಣೆ ಹಂಚಿಕೊಂಡವರಿಗೆ: ಮೂಲನಿವಾಸಿ ಸಂಸ್ಥೆಗಳ ನಾಯಕತ್ವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂಲನಿವಾಸಿ ಸಮುದಾಯಗಳು ತಾವೇ ಕಟ್ಟಿ ನಡೆಸುವ ಲಾಭರಹಿತ ಸಂಸ್ಥೆಗಳಲ್ಲಿ ಮುಖ್ಯಸ್ಥರ ಹೊಣೆಯನ್ನು ಇಬ್ಬರು ಮೂವರು ಸೇರಿ ಹೊತ್ತಾಗ ಏಳುವ ಪ್ರಶ್ನೆಗಳು ಇವು. ಮಾತುಕತೆಯಲ್ಲಿ, ಪತ್ರಗಳಲ್ಲಿ ಜನ ಕೇಳುವ ಧಾಟಿಯಲ್ಲೇ ಬರೆದಿದೆ. ಸುಲಭದವು ಮೊದಲು, ತಲೆನೋವಿನವು ಆಮೇಲೆ.

## ಮೊದಮೊದಲು ಕೇಳುವವು

ನಾಯಕತ್ವ ಹಂಚಿಕೊಳ್ಳೋದು ಅಂದ್ರೆ ಇಬ್ಬರು ಅಧ್ಯಕ್ಷರು ಇರೋದಾ?

ಅದೂ ಒಂದು ಬಗೆ. ಇಬ್ಬರು ಸಹ-ನಿರ್ದೇಶಕರು ಇರಬಹುದು. ಮೂರ್ನಾಲ್ಕು ಜನರ ತಂಡ ಇರಬಹುದು. ಒಬ್ಬರು ನಿರ್ದೇಶಕರಾಗಿದ್ದು, ಕೆಲವು ವಿಷಯಗಳಲ್ಲಿ ಹಿರಿಯರ ಸಭೆಯ ಮಾತೇ ಕೊನೆ ಎಂದು ಇಟ್ಟುಕೊಂಡಿರಬಹುದು. ಹುದ್ದೆಯ ಹೆಸರು ನೋಡಿ ಏನೂ ಗೊತ್ತಾಗುವುದಿಲ್ಲ. ಬಜೆಟ್ ಯಾರು ಒಪ್ಪುತ್ತಾರೆ, ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕೆಂದು ಯಾರು ಹೇಳುತ್ತಾರೆ, ಬಂದ ಹಣವನ್ನು ಬೇಡ ಎನ್ನುವ ಹಕ್ಕು ಯಾರಿಗಿದೆ? ಈ ಮೂರಕ್ಕೂ ಒಂದೇ ಹೆಸರು ಬಂದರೆ, ಬಾಗಿಲ ಮೇಲೆ ಎಷ್ಟು ಹೆಸರು ಬರೆದಿದ್ದರೂ ಅಲ್ಲಿ ನಾಯಕರು ಒಬ್ಬರೇ.

ಇದು ಮ್ಯಾನೇಜ್‌ಮೆಂಟ್‌ನವರ ಹೊಸ ಫ್ಯಾಷನ್ ಅಲ್ವಾ?

ಹೆಸರು ಹೊಸದು, ಅಷ್ಟೇ. ಉತ್ತರ ಅಮೆರಿಕದ ಹೌಡೆನೊಶೋನಿ ಒಕ್ಕೂಟದಲ್ಲಿ ಮುಖ್ಯಸ್ಥರು ಗಂಡಸರು. ಆದರೆ ಅವರನ್ನು ಆರಿಸುವವರು ಕುಲದ ತಾಯಂದಿರು. ದಾರಿ ತಪ್ಪಿದರೆ ಎಚ್ಚರಿಸಿ, ಕೇಳದಿದ್ದರೆ ಇಳಿಸುವವರೂ ಅವರೇ. ಅಧಿಕಾರ ಒಬ್ಬರ ಕೈಯಲ್ಲಿ, ಅದನ್ನು ಹಿಂದಕ್ಕೆ ಪಡೆಯುವ ಹಗ್ಗ ಇನ್ನೊಬ್ಬರ ಕೈಯಲ್ಲಿ. ಚೆರೊಕಿ ಜನರಲ್ಲಿ ಶಾಂತಿಕಾಲಕ್ಕೆ ಒಬ್ಬ ಮುಖ್ಯಸ್ಥ, ಯುದ್ಧಕಾಲಕ್ಕೆ ಇನ್ನೊಬ್ಬ ಇರುತ್ತಿದ್ದರು. ಆಂಡೀಸ್ ಪರ್ವತದ ಐಮಾರಾ ಸಮುದಾಯಗಳಲ್ಲಿ ಊರಿನ ಹುದ್ದೆಯನ್ನು ಗಂಡ ಹೆಂಡತಿ ಜೋಡಿಯಾಗಿ ವಹಿಸಿಕೊಳ್ಳುತ್ತಾರೆ. ಅದಕ್ಕೆ ಚಾಚಾ-ವಾರ್ಮಿ ಎನ್ನುತ್ತಾರೆ, ಅಂದರೆ ಗಂಡು-ಹೆಣ್ಣು.

ಹಾಗಂತ ಹಳೆಯದೆಲ್ಲ ಚಿನ್ನ ಎನ್ನುವ ಹಾಗಿಲ್ಲ. ಜೋಡಿ ಹುದ್ದೆ ಇದ್ದರೂ ಸಭೆಯಲ್ಲಿ ಮಾತಾಡುವವನು ಗಂಡನೇ ಎಂದು ಬೊಲಿವಿಯಾದ ಮೂಲನಿವಾಸಿ ಮಹಿಳೆಯರೇ ಟೀಕೆ ಮಾಡಿದ್ದಾರೆ. ಪದ್ಧತಿಯನ್ನು ಸಂಸ್ಥೆಯ ಒಳಗೆ ತರುವಾಗ ಅದರ ಜೊತೆಗಿರುವ ಈ ಜಗಳವನ್ನೂ ತರಬೇಕಾಗುತ್ತದೆ.

ಮಂಡಳಿಯಲ್ಲಿ ನಮ್ಮವರು ಒಬ್ಬರಿದ್ದರೆ "ಮೂಲನಿವಾಸಿ ನೇತೃತ್ವ" ಅಂತ ಹೇಳಬಹುದಾ?

ಹೇಳಬಾರದು ಎಂಬುದು ನಮ್ಮ ಅಭಿಪ್ರಾಯ. ಕೆಲವು ಕಡೆ ಕಾನೂನೇ ಗೆರೆ ಹಾಕಿದೆ. ಆಸ್ಟ್ರೇಲಿಯಾದಲ್ಲಿ ಆದಿವಾಸಿ ಮತ್ತು ಟಾರೆಸ್ ಸ್ಟ್ರೇಟ್ ದ್ವೀಪವಾಸಿಗಳ ನಿಗಮಗಳಿಗೆಂದೇ 2006ರ ಒಂದು ಕಾಯ್ದೆ ಇದೆ. ಅದರಡಿ ನೋಂದಾಯಿಸಿದ ನಿಗಮದಲ್ಲಿ ನಿರ್ದೇಶಕರ ಬಹುಮತ ಆ ಸಮುದಾಯದವರದ್ದೇ ಆಗಿರಬೇಕು.

ಇಂಥ ಕಾನೂನು ಇಲ್ಲದ ಕಡೆ ಹೀಗೆ ನೋಡಿ: ಸಮುದಾಯದವರಲ್ಲದ ಸದಸ್ಯರೆಲ್ಲ ಒಂದು ಕಡೆ ನಿಂತರೆ, ಸಮುದಾಯದವರ ನಿರ್ಧಾರವನ್ನು ಸೋಲಿಸಲು ಆಗುತ್ತಾ? ಆಗುತ್ತೆ ಅಂದರೆ ಆ ಹೆಸರು ಇನ್ನೂ ಬೇಡ. ವಿಶ್ವಸಂಸ್ಥೆಯ 2007ರ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಈ ವಿಷಯದಲ್ಲಿ ನಿಮ್ಮ ಕಡೆಗಿದೆ. ತಮ್ಮ ಸಂಸ್ಥೆಗಳ ರಚನೆ ಹೇಗಿರಬೇಕು, ಅದರಲ್ಲಿ ಯಾರಿರಬೇಕು ಎಂದು ತಮ್ಮದೇ ರೀತಿಯಲ್ಲಿ ತೀರ್ಮಾನಿಸುವ ಹಕ್ಕು ಆ ಜನರದ್ದೇ ಎಂದು ಅದರ 33ನೇ ವಿಧಿ ಹೇಳುತ್ತದೆ.

ಎಲ್ಲಾ ಸಂಸ್ಥೆಗೂ ಇದು ಸರಿಹೋಗುತ್ತಾ?

ಇಲ್ಲ. ಸಂಬಳಕ್ಕೆ ಒಬ್ಬರೇ ಇರುವ ಸಂಸ್ಥೆಯಲ್ಲಿ ಹಂಚಿಕೊಳ್ಳಲು ಏನೂ ಇರುವುದಿಲ್ಲ. ಈಗಾಗಲೇ ಜಗಳವಾಡುತ್ತಿರುವ ಇಬ್ಬರನ್ನು ಸಮಾಧಾನ ಮಾಡಲೆಂದು ಇಬ್ಬರಿಗೂ ಹುದ್ದೆ ಕೊಡುವುದಂತೂ ಬೇಡವೇ ಬೇಡ. ಜಗಳಕ್ಕೆ ಎರಡು ಕುರ್ಚಿ ಹಾಕಿಕೊಟ್ಟಂತೆ ಆಗುತ್ತದೆ.

## ಕೆಲಸ ಹಂಚುವ ಬಗ್ಗೆ

ಇಬ್ಬರಿದ್ದರೆ ಕೊನೆಗೆ ನಡೆಯೋದು ಯಾರ ಮಾತು?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಉತ್ತರ ಒಂದು ಹಾಳೆಯಲ್ಲಿ ಇರಬೇಕು. ನಿಮ್ಮ ಸಂಸ್ಥೆಯಲ್ಲಿ ಕಳೆದ ಆರು ತಿಂಗಳಲ್ಲಿ ಆದ ನಿರ್ಧಾರಗಳನ್ನು ನೆನಪಿಸಿಕೊಂಡು ಬರೆಯಿರಿ. ಯಾರನ್ನು ಕೆಲಸಕ್ಕೆ ತೆಗೆದುಕೊಂಡಿರಿ, ಯಾವ ಅನುದಾನಕ್ಕೆ ಅರ್ಜಿ ಹಾಕಿದಿರಿ, ಪತ್ರಿಕೆಯವರಿಗೆ ಏನು ಹೇಳಿದಿರಿ, ಯಾರ ರಜೆಗೆ ಒಪ್ಪಿದಿರಿ, ಎಲ್ಲವನ್ನೂ. ಆಮೇಲೆ ಪ್ರತಿಯೊಂದರ ಮುಂದೆ ಗುರುತು ಹಾಕಿ: ಇದನ್ನು ಒಬ್ಬರೇ ಮಾಡಬಹುದು, ಇದನ್ನು ಮಾಡಿ ಇನ್ನೊಬ್ಬರಿಗೆ ತಿಳಿಸಬೇಕು, ಇದಕ್ಕೆ ಇಬ್ಬರೂ ಒಪ್ಪಲೇಬೇಕು, ಇದು ಮಂಡಳಿಗೆ ಹೋಗಬೇಕು.

ಕೂತು ಮಾಡಿದರೆ ಒಂದು ಆಶ್ಚರ್ಯ ಕಾದಿರುತ್ತದೆ. "ಇಬ್ಬರೂ ಒಪ್ಪಲೇಬೇಕು" ಎನ್ನುವ ಪಟ್ಟಿ ಮೊದಲು ಉದ್ದ ಇರುತ್ತದೆ. ಒಬ್ಬರನ್ನೊಬ್ಬರು ನಂಬಲು ಶುರುವಾದ ಹಾಗೆ ಅದು ಗಿಡ್ಡ ಆಗುತ್ತದೆ. ವರ್ಷ ಕಳೆದರೂ ಗಿಡ್ಡ ಆಗಿಲ್ಲ ಅಂದರೆ ಅದನ್ನೇ ಮಾತಾಡಬೇಕು.

ಇಬ್ಬರೂ ಒಪ್ಪದಿದ್ದಾಗ ಏನು ಮಾಡುವುದು ಎಂಬುದೂ ಅದೇ ಹಾಳೆಯಲ್ಲಿ ಇರಲಿ. ಇಂತಿಷ್ಟು ದಿನ ಕಾಯುವುದು, ಆಮೇಲೆ ಇಂಥವರ ಹತ್ತಿರ ಹೋಗುವುದು ಅಂತ. ಗಂಟು ಬೀಳುವ ಮೊದಲೇ ಬರೆದಿಡಿ. ಬಿದ್ದ ಮೇಲೆ ಬರೆಯಲು ಹೊರಟರೆ ಆ ನಿಯಮದ ಮೇಲೂ ಜಗಳ.

ಒಬ್ಬರು ಹೊರಗಡೆ, ಒಬ್ಬರು ಒಳಗಡೆ ಅಂತ ಹಂಚಿಕೊಂಡ್ರೆ ಆಗಲ್ವಾ?

ಬಹಳ ಜನ ಹಾಗೇ ಮಾಡುತ್ತಾರೆ. ಒಬ್ಬರು ದಾನಿಗಳು, ಸರ್ಕಾರ, ಸಭೆ ಸಮಾರಂಭ ನೋಡಿಕೊಳ್ಳುತ್ತಾರೆ. ಇನ್ನೊಬ್ಬರು ಸಿಬ್ಬಂದಿ, ಲೆಕ್ಕ, ಸಮುದಾಯದ ಮನೆಮನೆ ಓಡಾಟ. ನೋಡಲು ಅಚ್ಚುಕಟ್ಟು. ಆದರೆ ಎರಡು ವರ್ಷಕ್ಕೆ ಹೊರಗಡೆಯವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಒಳಗಡೆಯವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಹಣದ ಸುದ್ದಿ ಮೊದಲು ಹೊರಗಡೆಯವರ ಕಿವಿಗೆ ಬೀಳುತ್ತದೆ. ಸುದ್ದಿ ಮೊದಲು ಯಾರಿಗೆ ಬರುತ್ತೋ ಅಧಿಕಾರ ಆ ಕಡೆಗೆ ಜಾರುತ್ತದೆ, ಯಾರೂ ಕಸಿದುಕೊಳ್ಳಬೇಕಾಗಿಲ್ಲ. ಇನ್ನೊಂದು ವಿಷಯ ಗಮನಿಸಿ: ಹೊರಗಿನ ಭಾಷೆ ಚೆನ್ನಾಗಿ ಬಲ್ಲವರು ಹೊರಗೆ ಹೋಗುತ್ತಾರೆ, ಸಮುದಾಯದ ಭಾಷೆ ಬಲ್ಲವರು ಒಳಗೆ ಉಳಿಯುತ್ತಾರೆ. ಯಾರಿಗಾಗಿ ಸಂಸ್ಥೆ ಇದೆಯೋ ಅವರ ಭಾಷೆಯೇ ಹಿಂದಿನ ಕೋಣೆಗೆ ಹೋಯಿತು.

ಹಾಗೆ ಹಂಚಿಕೊಳ್ಳಲೇಬೇಕು ಅಂದರೆ ಅದಲು ಬದಲು ಮಾಡುತ್ತಿರಿ. ದೊಡ್ಡ ದಾನಿಗಳ ಭೇಟಿಗೆ ಇಬ್ಬರೂ ಹೋಗಿ. ಲೆಕ್ಕದ ಪುಸ್ತಕ ಇಬ್ಬರಿಗೂ ಓದಲು ಬರಬೇಕು. ಇದರಲ್ಲಿ ರಿಯಾಯಿತಿ ಬೇಡ.

ಹಿರಿಯರ ಪಾತ್ರ ಏನು? ಅವರಿಗೆ ಓಟು ಇರಬೇಕಾ?

ಓಟು ಕೊಡಿ, ಇಲ್ಲಾ ಸಲಹೆ ಕೇಳಿ. ಯಾವುದು ಅಂತ ಅವರಿಗೂ ಸ್ಪಷ್ಟವಾಗಿ ಹೇಳಿ. ನೋವಾಗುವುದು ಗೊಂದಲದಿಂದ. ತಾವು ತೀರ್ಮಾನ ಹೇಳಿದೆವು ಎಂದುಕೊಂಡು ಹಿರಿಯರು ಮನೆಗೆ ಹೋಗಿರುತ್ತಾರೆ, ಇವರು ಅದನ್ನು "ಅಭಿಪ್ರಾಯ" ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿರುತ್ತಾರೆ. ಕೆಲವು ವಿಷಯಗಳನ್ನು ಪೂರ್ತಿ ಅವರಿಗೇ ಬಿಡುವುದು ಒಳ್ಳೆಯದು: ಆಚರಣೆ, ಭಾಷೆ, ಪವಿತ್ರ ಜಾಗ, ಯಾವ ಕಥೆಯನ್ನು ಹೊರಗೆ ಹೇಳಬಹುದು ಎಂಬುದು. ಅವರ ಮಾತು ಮೀರಿ ನಡೆಯಬೇಕಾಗಿ ಬಂದರೆ ಮನೆಗೆ ಹೋಗಿ ಕಾರಣ ಹೇಳಿ ಬನ್ನಿ. ಮತ್ತೆ, ಅವರ ಸಮಯಕ್ಕೆ ಗೌರವಧನ ಇರಲಿ. ಹೊರಗಿನಿಂದ ಬಂದ ತಜ್ಞರಿಗೆ ದಿನದ ಲೆಕ್ಕದಲ್ಲಿ ಹಣ, ಹಿರಿಯರಿಗೆ ಬರೀ ಶಾಲು ಅಂದರೆ ಹೇಗೆ?

ಎಲ್ಲರೂ ಒಪ್ಪೋವರೆಗೆ ಕಾದರೆ ಕೆಲಸ ಆಗೋದು ಯಾವಾಗ?

ಒಮ್ಮತ ಅಂದರೆ ಎಲ್ಲರೂ ಒಟ್ಟಿಗೆ ಕೂತು ದಣಿಯುವ ತನಕ ಮಾತಾಡುವುದು ಎಂದು ತಿಳಿದವರೇ ಜಾಸ್ತಿ. ಹೌಡೆನೊಶೋನಿಗಳ ಮಹಾಸಭೆಯಲ್ಲಿ ವಿಷಯಕ್ಕೆ ಒಂದು ದಾರಿ ಇದೆ. ಮೊದಲು ಒಕ್ಕೂಟದಲ್ಲಿ ಹಿರಿಯ ಸೋದರರೆನಿಸಿದ ಮೊಹಾಕ್ ಮತ್ತು ಸೆನೆಕಾ ಜನ ಚರ್ಚಿಸುತ್ತಾರೆ. ಆಮೇಲೆ ಅದು ಕಿರಿಯ ಸೋದರರಾದ ಒನೈಡಾ ಮತ್ತು ಕಯೂಗಾ ಕಡೆಗೆ ದಾಟುತ್ತದೆ. ಕೊನೆಗೆ ಸಭೆಯ ಬೆಂಕಿ ಕಾಯುವವರಾದ ಒನೊಂಡಾಗ ಜನ ಅದನ್ನು ಖಾಯಂ ಮಾಡುತ್ತಾರೆ. ಯಾರ ನಂತರ ಯಾರು ಮಾತಾಡಬೇಕು ಎಂಬುದು ಗೊತ್ತಿದ್ದರೆ ಒಮ್ಮತಕ್ಕೂ ಒಂದು ಗತಿ ಸಿಗುತ್ತದೆ.

ಸಂಸ್ಥೆಯಲ್ಲಿ ಇದನ್ನು ಹೀಗೆ ಬಳಸಬಹುದು. ಹಿಂದಕ್ಕೆ ತೆಗೆದುಕೊಳ್ಳಬಹುದಾದ ನಿರ್ಧಾರಕ್ಕೆ ಒಮ್ಮತ ಬೇಡ, ಬೇಗ ಮಾಡಿ, ತಪ್ಪಾದರೆ ತಿದ್ದಿಕೊಳ್ಳಿ. ಜಮೀನು, ಮೊಕದ್ದಮೆ, ಗಣಿ ಕಂಪನಿಯ ಹಣ, ಕಟ್ಟಡ, ಇಂಥವಕ್ಕೆ ಕಾಯಿರಿ. ಅನುದಾನದ ಕೊನೆ ದಿನಾಂಕ ಯಾರಿಗೂ ಕಾಯುವುದಿಲ್ಲ. ಅದಕ್ಕೆ ಯಾವ ಥರದ ಹಣಕ್ಕೆ ಕೈ ಚಾಚಬಹುದು, ಯಾವುದಕ್ಕೆ ಬೇಡ ಎಂದು ವರ್ಷದ ಮೊದಲೇ ಒಪ್ಪಿಕೊಂಡುಬಿಡಿ. "ನನಗೆ ಇಷ್ಟವಿಲ್ಲ, ಆದರೆ ಅಡ್ಡ ಬರುವುದಿಲ್ಲ" ಎನ್ನಲೂ ಜನರಿಗೆ ಅವಕಾಶ ಇರಲಿ.

ಒಬ್ಬರು "ಬೇಡ" ಅಂದ್ರೆ ಸಿಬ್ಬಂದಿ ಇನ್ನೊಬ್ಬರ ಹತ್ರ ಹೋಗಿ "ಹೂಂ" ಅನ್ನಿಸಿಕೊಂಡು ಬರ್ತಾರೆ. ಏನು ಮಾಡೋದು?

ಅಮ್ಮನ ಹತ್ತಿರ ಬೈಸಿಕೊಂಡು ಅಪ್ಪನ ಹತ್ತಿರ ಹೋಗುವ ಮಕ್ಕಳ ಕಥೆ ಇದು. "ಇನ್ನೊಬ್ಬರು ಏನಂದರು?" ಎಂದು ಕೇಳುವುದನ್ನು ಇಬ್ಬರೂ ರೂಢಿ ಮಾಡಿಕೊಳ್ಳಿ. ಪ್ರತಿ ಸಿಬ್ಬಂದಿಗೂ ನೇರ ಹೊಣೆಗಾರರು ಒಬ್ಬರೇ ಇರಲಿ. ವಾರಕ್ಕೊಮ್ಮೆ ನೀವಿಬ್ಬರೇ ಕೂತು ಮಾತಾಡುವ ಹೊತ್ತು ಏನೇ ಆದರೂ ತಪ್ಪದಿರಲಿ.

## ಹಣ, ಕಾನೂನು, ದಾನಿಗಳು

ಕಾನೂನು ಇದಕ್ಕೆ ಒಪ್ಪುತ್ತಾ? ಸಹಿ ಯಾರದ್ದು?

ಸಾಮಾನ್ಯವಾಗಿ ನೋಂದಾಯಿತ ಲಾಭರಹಿತ ಸಂಸ್ಥೆಯಲ್ಲಿ ಕಾನೂನಿನ ಹೊಣೆ ಆಡಳಿತ ಮಂಡಳಿಯ ಮೇಲೆ ಅಥವಾ ಟ್ರಸ್ಟಿಗಳ ಮೇಲೆ ಇರುತ್ತದೆ. ಅದರ ಕೆಳಗೆ ಕೆಲಸ ನಡೆಸಲು ಒಬ್ಬರನ್ನು ಇಡಬೇಕಾ, ಇಬ್ಬರನ್ನಾ ಎಂಬುದು ಬಹುಮಟ್ಟಿಗೆ ಮಂಡಳಿಗೆ ಬಿಟ್ಟಿದ್ದು. ನಿಮ್ಮ ದೇಶದ ಕಾಯ್ದೆಯನ್ನೂ ನಿಮ್ಮ ಬೈಲಾವನ್ನೂ ಒಮ್ಮೆ ಓದಿ. ಬೈಲಾದಲ್ಲಿ "ನಿರ್ದೇಶಕರು" ಎಂದು ಒಬ್ಬರನ್ನೇ ಹೇಳಿದ್ದರೆ ಮೊದಲು ಅದನ್ನು ತಿದ್ದುಪಡಿ ಮಾಡಿ, ಆಮೇಲೆ ನೇಮಕ.

ಕಾನೂನೇ ಇಬ್ಬರನ್ನು ಕೂರಿಸಿದ ಉದಾಹರಣೆಯೂ ಉಂಟು. ನ್ಯೂಜಿಲೆಂಡ್‌ನ ವಾಂಗನುಯಿ ನದಿಗೆ 2017ರಲ್ಲಿ ಕಾನೂನಿನ ಕಣ್ಣಲ್ಲಿ ವ್ಯಕ್ತಿಯ ಸ್ಥಾನ ಸಿಕ್ಕಿತು. ಆ ನದಿಯ ಪರವಾಗಿ ಮಾತಾಡುವ ಹುದ್ದೆ ಟೆ ಪೌ ಟುಪುವಾ. ಅದರಲ್ಲಿ ಇಬ್ಬರು ಇರುತ್ತಾರೆ. ಒಬ್ಬರು ನದಿಯ ಮಾವೊರಿ ಜನಾಂಗಗಳು ಸೂಚಿಸಿದವರು, ಇನ್ನೊಬ್ಬರು ಸರ್ಕಾರ ಸೂಚಿಸಿದವರು. ಹುದ್ದೆ ಒಂದೇ, ಆಳು ಇಬ್ಬರು.

ಬ್ಯಾಂಕಿನಲ್ಲಿ ದೊಡ್ಡ ಮೊತ್ತಕ್ಕೆ ಎರಡು ಸಹಿ ಇರಲಿ. ಸಹಿ ಹಾಕಬಲ್ಲ ಮೂರನೆಯವರೂ ಇರಲಿ. ಯಾಕೆ ಅಂದರೆ, ಸಾವಾದಾಗ ದಿನಗಟ್ಟಲೆ ಎಲ್ಲ ಕೆಲಸ ನಿಲ್ಲಿಸುವ ಸಮುದಾಯಗಳಿವೆ. ಇಬ್ಬರು ನಾಯಕರಿದ್ದರೆ ಒಬ್ಬರು ಇಲ್ಲದಾಗ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಂಡಿರುತ್ತೀರಿ. ಆದರೆ ಸತ್ತವರು ಇಬ್ಬರಿಗೂ ಬಂಧುವೇ ಆಗಿರುತ್ತಾರಲ್ಲ!

ಸಂಬಳ ಎರಡು ಪಟ್ಟು ಆಗಲ್ವಾ? ಇಬ್ಬರಿಗೂ ಸಮ ಕೊಡಬೇಕಾ?

ನಿರ್ದೇಶಕರು ಮತ್ತು ಉಪನಿರ್ದೇಶಕರು ಎಂಬ ಎರಡು ಹುದ್ದೆ ಈಗಾಗಲೇ ಇದ್ದರೆ ಹೊಸ ಖರ್ಚು ಹೆಚ್ಚಿಲ್ಲ. ಎರಡನ್ನೂ ಕೂಡಿಸಿ ಸಮ ಮಾಡಿದರೆ ಆಯಿತು. ಒಂದೇ ಸಂಬಳವನ್ನು ಎರಡು ಅರ್ಧ ಮಾಡುವುದಾದರೆ ಕೆಲಸದ ದಿನವೂ ನಿಜವಾಗಿ ಅರ್ಧ ಆಗಬೇಕು. ಅರ್ಧ ಸಂಬಳಕ್ಕೆ ಇಡೀ ಕೆಲಸ ಮಾಡಿಸುವುದು ಹಂಚಿಕೆ ಅಲ್ಲ, ಸುಲಿಗೆ.

ಸಮ ಹೊಣೆಗೆ ಸಮ ಸಂಬಳ ಎಂಬುದೇ ಸರಿ ಎನ್ನುತ್ತೇವೆ. "ಅವರಿಗೆ ಡಿಗ್ರಿ ಇದೆ, ಇವರಿಗೆ ಇಲ್ಲ" ಎಂದು ಕಮ್ಮಿ ಕೊಟ್ಟರೆ, ಸಮುದಾಯದ ಭಾಷೆ, ನೆಂಟಸ್ತಿಕೆ, ಕಾಡು-ನೀರಿನ ತಿಳುವಳಿಕೆಗೆ ಬೆಲೆಯೇ ಇಲ್ಲ ಎಂದು ಸಂಸ್ಥೆಯೇ ಬರೆದುಕೊಟ್ಟ ಹಾಗೆ.

ದಾನಿಗಳು "ಒಬ್ಬರ ಹೆಸರು ಕೊಡಿ" ಅಂತಾರೆ. ಕೊಟ್ಟುಬಿಡೋಣವಾ?

ಫಾರಂಗೆ ಒಂದು ಹೆಸರು ಕೊಡಿ, ಅದರಲ್ಲೇನೂ ಇಲ್ಲ. ಆದರೆ ಸಂಸ್ಥೆಯದ್ದೇ ಒಂದು ಇಮೇಲ್ ಕೊಡಿ, ಅದು ಇಬ್ಬರಿಗೂ ತೆರೆಯಲಿ. ಅರ್ಜಿಯ ಜೊತೆ ನಿಮ್ಮ ನಿರ್ಧಾರದ ಹಾಳೆಯನ್ನು ಲಗತ್ತಿಸಿ. ನಿಮ್ಮಲ್ಲಿ ಗೊಂದಲವಿಲ್ಲ ಎಂದು ದಾನಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಪ್ರತಿ ಸಲವೂ ಒಬ್ಬರನ್ನೇ ಕರೆದು ಮಾತಾಡುವ ದಾನಿ ಇದ್ದರೆ, ಕರೆ ಬಂದವರು "ನನ್ನ ಜೊತೆಗಾರರನ್ನೂ ಸೇರಿಸುತ್ತೇನೆ" ಎನ್ನಬೇಕು. ಬಿಟ್ಟುಹೋದವರು ತಾವೇ ಹೇಳಿಕೊಳ್ಳುವಂತೆ ಆಗಬಾರದು.

## ತಲೆನೋವಿನವು

ಒಬ್ಬರು ಸಮುದಾಯದವರು, ಇನ್ನೊಬ್ಬರು ಹೊರಗಿನವರು. ಇದು ನಡೆಯುತ್ತಾ?

ನಡೆದದ್ದುಂಟು. ಅದಕ್ಕೆ ಒಂದು ಷರತ್ತು ಬೇಕು. ಸಮುದಾಯದ ಜಮೀನು, ಮಾಹಿತಿ, ಹೆಸರು ಸೇರಿರುವ ವಿಷಯದಲ್ಲಿ ಸಮಪಾಲು ಇರಬಾರದು. ಅಲ್ಲಿ ಸಮುದಾಯದವರ ಮಾತೇ ಕೊನೆ. ಹೊರಗಿನವರು ಬರುವ ಮೊದಲೇ ಇದಕ್ಕೆ ಒಪ್ಪಬೇಕು. ಬೇಸರವಾದರೆ ಬಿಟ್ಟು ಊರು ಸೇರುವ ಅವಕಾಶ ಹೊರಗಿನವರಿಗಿದೆ. ಸಮುದಾಯದವರು ರಾಜೀನಾಮೆ ಕೊಟ್ಟರೂ ನಾಳೆ ಅದೇ ಜನರ ಮದುವೆಗೆ ಹೋಗಬೇಕು. ತಪ್ಪಿನ ಬೆಲೆ ಇಬ್ಬರಿಗೂ ಒಂದೇ ಅಲ್ಲ.

ನಾವೆಲ್ಲ ಸಂಬಂಧಿಕರೇ. ಹಿತಾಸಕ್ತಿ ಸಂಘರ್ಷ ಅಂತ ಆಡಿಟರ್ ಬರೆದುಬಿಟ್ರೆ?

ಸಣ್ಣ ಸಮುದಾಯದಲ್ಲಿ ನೆಂಟರಲ್ಲದವರು ಸಿಗುವುದೇ ಕಷ್ಟ. ನೆಂಟಸ್ತಿಕೆಯನ್ನು ನಿಷೇಧಿಸಲು ಹೋಗಬೇಡಿ, ಬರೆದಿಡಿ. ಮಂಡಳಿಯ ಪ್ರತಿಯೊಬ್ಬರೂ ಯಾರಿಗೆ ಏನಾಗಬೇಕು ಎಂದು ವರ್ಷಕ್ಕೊಮ್ಮೆ ಪಟ್ಟಿ ಕೊಡಲಿ. ತಮ್ಮ ಮನೆಯವರ ಕೆಲಸ, ಸಂಬಳ, ಗುತ್ತಿಗೆ ಬಂದಾಗ ಎದ್ದು ಹೊರಗೆ ಹೋಗಲಿ, ಅದು ನಡಾವಳಿಯಲ್ಲಿ ದಾಖಲಾಗಲಿ. ಇಬ್ಬರು ನಾಯಕರು ಒಂದೇ ಮನೆಯವರು ಆಗದಿದ್ದರೆ ಒಳ್ಳೆಯದು. ಬೇರೆ ಬೇರೆ ಕುಲದವರಾದರೆ ಇನ್ನೂ ಒಳ್ಳೆಯದು, ದೂರು ಹೇಳಲು ಬಂದವರಿಗೆ ಎರಡು ಬಾಗಿಲು ಇರುತ್ತದೆ.

ನಮ್ಮಿಬ್ಬರ ನಡುವೆ ಮಾತೇ ನಿಂತಿದೆ. ಈಗ?

ಸಿಬ್ಬಂದಿಗೆ ಗೊತ್ತಾಗಿಲ್ಲ ಎಂದುಕೊಳ್ಳಬೇಡಿ. ಅವರಿಗೆ ನಿಮಗಿಂತ ಮೊದಲೇ ಗೊತ್ತಾಗಿರುತ್ತದೆ. ಮೊದಲು ಒಂದು ವಿಷಯ ಬೇರ್ಪಡಿಸಿ: ಇದು ಸ್ವಭಾವದ ಜಗಳವೋ, ಒಂದು ನಿರ್ಧಾರದ ಮೇಲಿನ ಜಗಳವೋ? ಕೆದಕಿದರೆ ಬಹಳ ಸಲ ಅಡಿಯಲ್ಲಿ ಒಂದು ನಿರ್ಧಾರ ಸಿಗುತ್ತದೆ, ಒಬ್ಬರು ಹೇಳದೆ ಮಾಡಿದ್ದು.

ಇಬ್ಬರೂ ಗೌರವಿಸುವ ಒಬ್ಬ ಹಿರಿಯರನ್ನು ಕರೆದು ಕೂರಿಸಿ. ಸಮುದಾಯದಲ್ಲಿ ಜಗಳ ಬಿಡಿಸುವ ರೀತಿ ಇದ್ದೇ ಇರುತ್ತದೆ, ಮೊದಲು ಅದನ್ನು ಬಳಸಿ. ಆದರೆ ಎಚ್ಚರ: ಹಣದ ದುರುಪಯೋಗ, ಕಿರುಕುಳ, ಮಕ್ಕಳ ಸುರಕ್ಷತೆಯ ವಿಷಯವಾದರೆ ಅದು "ನಮ್ಮೊಳಗಿನ ಮಾತು" ಅಲ್ಲ. ಅದು ನೇರ ಮಂಡಳಿಗೆ, ಬೇಕಾದರೆ ಕಾನೂನಿಗೆ ಹೋಗಬೇಕು. ರಾಜಿ ಮಾಡಿ ಮುಚ್ಚಿಹಾಕಲು ಹಿರಿಯರನ್ನು ಬಳಸಿದರೆ ಅವರ ಗೌರವವೂ ಹೋಗುತ್ತದೆ.

ಸಂಸ್ಥೆ ಕಟ್ಟಿದವರು ಹೆಸರಿಗೆ ಬಿಟ್ಟುಕೊಟ್ಟಿದ್ದಾರೆ, ಆದ್ರೆ ಕೈ ಬಿಟ್ಟಿಲ್ಲ. ಹೇಳೋದು ಹೇಗೆ?

ಕೈ ಬಿಡದಿರುವುದು ಹಠದಿಂದಲೇ ಎಂದು ತಿಳಿಯಬೇಡಿ. ಅವರ ಫೋನಿಗೆ ಇನ್ನೂ ದಾನಿಗಳು ಕರೆ ಮಾಡುತ್ತಾರೆ. ಪಾಸ್‌ವರ್ಡ್ ಅವರ ತಲೆಯಲ್ಲಿದೆ. ಜಮೀನಿನ ಕಾಗದ ಎಲ್ಲಿದೆ ಎಂದು ಅವರಿಗೊಬ್ಬರಿಗೇ ಗೊತ್ತು. "ಅಧಿಕಾರ ಬಿಡಿ" ಎಂದು ಕೇಳುವ ಬದಲು ಇವನ್ನು ಒಂದೊಂದಾಗಿ ಕೇಳಿ ಪಡೆಯಿರಿ, ತಾರೀಕು ಹಾಕಿಕೊಂಡು. ಅವರಿಗೆ ನಿಜವಾದ ಬೇರೆ ಕೆಲಸವೂ ಇರಲಿ. ಯುವಕರಿಗೆ ಹಳೆಯ ಹೋರಾಟದ ಕಥೆ ಹೇಳುವುದು, ಭಾಷೆ ಕಲಿಸುವುದು. ಸುಮ್ನೆ "ಗೌರವಾಧ್ಯಕ್ಷರು" ಅಂತ ಕೂರಿಸಿದರೆ ಮೂರನೇ ತಿಂಗಳಿಗೆ ಲೆಕ್ಕ ಕೇಳಲು ಬರುತ್ತಾರೆ, ಅದು ಸಹಜವೂ ಹೌದು.

ಸರದಿ ಪ್ರಕಾರ ಬದಲಾಯಿಸುತ್ತಾ ಹೋದ್ರೆ ಹೇಗೆ? ಅವಧಿ ಎಷ್ಟಿರಬೇಕು?

ಸರದಿಯಿಂದ ಬಹಳ ಜನ ಕಲಿಯುತ್ತಾರೆ, ಯಾರೂ ಬೇರೂರುವುದಿಲ್ಲ. ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಝಪಾಟಿಸ್ಟಾ ಚಳವಳಿಯ ಮೂಲನಿವಾಸಿ ಸಮುದಾಯಗಳು 2003ರಲ್ಲಿ "ಒಳ್ಳೆಯ ಸರ್ಕಾರದ ಸಭೆ"ಗಳನ್ನು ಕಟ್ಟಿದವು. ಸದಸ್ಯರು ಸರದಿಯಲ್ಲಿ ಬಂದು ಕೂರುತ್ತಿದ್ದರು. ರೈತರೇ ಆಡಳಿತ ಕಲಿತರು. ಆದರೆ ಹೊರಗಿನಿಂದ ಬಂದವರು ಹೋದ ಸಲ ಮಾತಾಡಿದವರನ್ನು ಹುಡುಕಿದರೆ ಅಲ್ಲಿ ಬೇರೆ ಮುಖ ಇರುತ್ತಿತ್ತು. 2023ರಲ್ಲಿ ಆ ಸಭೆಗಳನ್ನು ಅವರೇ ಮುಚ್ಚಿ, ಇನ್ನೂ ಸಣ್ಣ ಹಳ್ಳಿಮಟ್ಟದ ರಚನೆಗೆ ಹೋಗುವುದಾಗಿ ಹೇಳಿದರು.

ಸಂಸ್ಥೆಗೆ ತೀರಾ ಗಿಡ್ಡ ಸರದಿ ಕಷ್ಟ. ಒಂದು ಅನುದಾನ ಬಂದು ಮುಗಿಯಲು ಎರಡು ಮೂರು ವರ್ಷ ಬೇಕು, ಅಷ್ಟಾದರೂ ಇರಲಿ. ಇಬ್ಬರ ಅವಧಿ ಒಂದೇ ದಿನ ಮುಗಿಯದ ಹಾಗೆ ನೋಡಿಕೊಳ್ಳಿ. ಒಬ್ಬರು ಹಳಬರು, ಒಬ್ಬರು ಹೊಸಬರು ಯಾವಾಗಲೂ ಇರುತ್ತಾರೆ.

ಸಮುದಾಯದ ಮಾಹಿತಿ ಯಾರ ಹತ್ತಿರ ಇರಬೇಕು? ಒಬ್ಬ ನಾಯಕರು ಸಂಶೋಧಕರಿಗೆ ಕೊಟ್ಟುಬಿಟ್ಟಿದ್ದಾರೆ.

ಇದು ಒಬ್ಬರೇ ಮಾಡುವ ನಿರ್ಧಾರ ಅಲ್ಲವೇ ಅಲ್ಲ. ಕೆನಡಾದ ಫಸ್ಟ್ ನೇಷನ್ಸ್ ಜನ 1998ರಲ್ಲಿ ನಾಲ್ಕು ಸೂತ್ರ ರೂಪಿಸಿದರು: ಮಾಹಿತಿಯ ಒಡೆತನ, ಹಿಡಿತ, ನೋಡುವ ಹಕ್ಕು, ಕೈಯಲ್ಲಿ ಇಟ್ಟುಕೊಳ್ಳುವ ಹಕ್ಕು. ನಾಲ್ಕೂ ಸಮುದಾಯದ್ದೇ ಎಂಬುದು ಅವರ ನಿಲುವು. ಕೊಟ್ಟಾಗಿದ್ದರೆ ಆ ಸಂಶೋಧಕರಿಗೆ ಬರೆಯಿರಿ. ಏನು ಕೊಟ್ಟಿದೆ, ಯಾವುದಕ್ಕೆ ಬಳಸಬಹುದು, ಯಾವಾಗ ಹಿಂತಿರುಗಿಸಬೇಕು ಎಂದು ಕಾಗದದ ಮೇಲೆ ತನ್ನಿ. ಹಿರಿಯರು ಹಾಡಿದ ಹಾಡು, ಔಷಧಿ ಗಿಡಗಳ ವಿವರ ಅದರಲ್ಲಿದ್ದರೆ ಮೊದಲು ಹೋಗಿ ಅವರಿಗೆ ಹೇಳಿ.

ಒಬ್ಬರು ಬಿಟ್ಟು ಹೋದ್ರೆ ಉಳಿದವರೇ ಪೂರ್ತಿ ನೋಡಿಕೊಳ್ಳಬಹುದಾ?

ಮೂರು ತಿಂಗಳು, ಆರು ತಿಂಗಳು ನೋಡಿಕೊಳ್ಳಬಹುದು. ಅಷ್ಟು ದಿನಕ್ಕೆ ಸಂಬಳ ಹೆಚ್ಚಿಸಿ, ಕೊನೆ ದಿನಾಂಕ ಬರೆದಿಡಿ. ದಿನಾಂಕ ಇಲ್ಲದಿದ್ದರೆ ತಾತ್ಕಾಲಿಕ ಎಂಬುದು ಖಾಯಂ ಆಗುತ್ತದೆ, ಹೇಳದೆ ಕೇಳದೆ ಒಬ್ಬರ ಸಂಸ್ಥೆ ಆಗಿಬಿಡುತ್ತದೆ. ಹೊಸಬರನ್ನು ಆರಿಸುವಾಗ ಉಳಿದವರ ಅಭಿಪ್ರಾಯ ಕೇಳಿ, ಆದರೆ ಆಯ್ಕೆ ಅವರಿಗೆ ಬಿಡಬೇಡಿ. ಮಂಡಳಿಯೂ ಹಿರಿಯರೂ ಸೇರಿ ಮಾಡಲಿ. ಹೊಸಬರು ಬಂದ ಮೊದಲ ವಾರದಲ್ಲೇ ಆ ನಿರ್ಧಾರದ ಹಾಳೆಯನ್ನು ಮೇಜಿನ ಮೇಲಿಟ್ಟು ಮತ್ತೆ ಮೊದಲಿನಿಂದ ಬರೆಯಿರಿ. ಹಳೆಯದಕ್ಕೆ ಹೊಸ ಹೆಸರು ಅಂಟಿಸಿದರೆ, ಬಿಟ್ಟು ಹೋದವರ ಜಾಗದಲ್ಲಿ ಇವರು ಅವರ ಹಾಗೇ ಕೂರಬೇಕು ಅಂದ ಹಾಗಾಗುತ್ತದೆ.